ವಿಳಾಸದಾರರು ಊರು ಬಿಟ್ಟಿದ್ದಾರೆ

ಉದ್ಯಾನದ ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಮಾವನ ಮನೆ ಇದೆ. ಆ ಮನೆಯಷ್ಟು ಹೆಸರುವಾಸಿಯಾದ ವಿಳಾಸ ಈ ಭೂಮಂಡಲದ ಮೇಲೆ ಇನ್ನೊಂದಿಲ್ಲ. ಒಮ್ಮೆ ನಡುಸಮುದ್ರದಲ್ಲಿ ಯಾರೋ ನಾವಿಕನೊಬ್ಬ ಲಕೋಟೆಯ ಮೇಲೆ ಬರೀ ‘ಮಾವ’ ಎಂದು ಬರೆದು, ಅಂಚೆಚೀಟಿಯನ್ನೂ ಹಚ್ಚದೆ, ಹಡಗಿನಿಂದ ನೀರಿಗೆ ಬಿಟ್ಟ. ಹನ್ನೊಂದನೇ ದಿನ ಬೆಳಿಗ್ಗೆ ಅದು ಮಾವನ ಬಾಗಿಲ ಸಂದಿಯಿಂದ ಒಳಗೆ ಬಂತು. ಒಂದು ಮೂಲೆಯೂ ಒದ್ದೆಯಾಗಿರಲಿಲ್ಲ. ಇನ್ನು ಮಾವನ ವಿಚಾರವಂತೂ ಕೇಳುವುದೇ ಬೇಡ. ಆರಡಿ ಎರಡಂಗುಲ ಎತ್ತರ. ಕೆಮ್ಮಿದರೆ ಎದುರಿನ ಉದ್ಯಾನದ ಬೆಂಚುಗಳ ಮೇಲೆ ಮಲಗಿದವರು ಎದ್ದು ಕೂತು ತಲೆ ಬಾಚಿಕೊಳ್ಳುತ್ತಾರೆ. ಕೋರ್ಟು, ಕಚೇರಿ, ಕಾಗದ, ಸೀಲು ಇವುಗಳಿಗೆ ಆ ಮನುಷ್ಯ ಹುಟ್ಟಿದಾಗಿನಿಂದ ಹೆದರಿದವನಲ್ಲ.

ಇಂಥ ಮಾವನಿಗೆ ಅಕ್ಕನ ಮಗನೊಬ್ಬ ಇದ್ದ. ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿ ಓದುತ್ತಿದ್ದ. ಮನೆಯವರೆಲ್ಲ ಅವನನ್ನು ಉಪಕಲಂ ಎಂದು ಕರೆಯುತ್ತಿದ್ದರು. ಕಾರಣ, ಯಾವ ಪ್ರಶ್ನೆಗೂ ಅವನು ಒಂದೇ ಉತ್ತರ ಕೊಟ್ಟ ದಾಖಲೆ ಇಲ್ಲ. “ಊಟ ಆಯ್ತೇನೋ?” ಎಂದು ಕೇಳಿದರೆ, “ಆಗಿದೆ. ಆದ್ರೆ ಒಂದು, ಹೊಟ್ಟೆ ತುಂಬಿಲ್ಲ. ಎರಡು, ಮತ್ತೆ ಕರೆದ್ರೆ ನನ್ನ ಅಭ್ಯಂತರ ಇಲ್ಲ,” ಎನ್ನುತ್ತಿದ್ದ.

ಈ ಉಪಕಲಮ್ಮಿಗೆ ಈಗ ಕುತ್ತಿಗೆಗೆ ಬಂದಿತ್ತು. ತಿಂಗಳ ಕೊನೆಯೊಳಗೆ ಯಾವುದಾದರೂ ವಕೀಲರ ಕಚೇರಿಯಲ್ಲಿ ತರಬೇತಿಗೆ ಸೇರಿದ ಪತ್ರ ತಂದುಕೊಡದಿದ್ದರೆ ಕಾಲೇಜು ಅವನನ್ನು ಇನ್ನೊಂದು ವರ್ಷ ಅದೇ ಬೆಂಚಿನ ಮೇಲೆ ಕೂರಿಸುವುದಿತ್ತು. ಹನ್ನೊಂದು ಕಚೇರಿಗಳು ಬೇಡವೆಂದಿದ್ದವು. ಉಳಿದಿದ್ದು ಒಂದೇ, ದೊಡ್ಡ ರಸ್ತೆಯ ಹಿರಿಯ ವಕೀಲರದು. ಅಲ್ಲಿಯೂ ಒಂದೇ ಜಾಗ.

ಅವನು ಒಂದು ಹಾಳೆಯಲ್ಲಿ ತನ್ನ ರೆಸ್ಯೂಮೆ ಸಿದ್ಧಮಾಡಿದ. ಅಂಕಗಳು ಬಂದವು, ಚರ್ಚಾಸ್ಪರ್ಧೆಯ ಸಮಾಧಾನಕರ ಬಹುಮಾನ ಬಂತು, ಹವ್ಯಾಸಗಳಲ್ಲಿ ‘ಆಲೋಚನೆ’ ಎಂದೂ ಬಂತು. ವಿಳಾಸದ ಸಾಲು ಮಾತ್ರ ನಾಲ್ಕು ದಿನ ಖಾಲಿ ಉಳಿಯಿತು.

ಅವನಿಗೆ ವಿಳಾಸವಿಲ್ಲವೆಂದಲ್ಲ. ಬೇಕಾದ್ದಕ್ಕಿಂತ ಹೆಚ್ಚಿದ್ದವು. ಅವನು ಮಲಗುತ್ತಿದ್ದದ್ದು ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಹತ್ತಬೇಕಾದರೆ ಹಿಂದಿನ ಕಬ್ಬಿಣದ ಮೆಟ್ಟಿಲು. “ಟೈರ್ ಅಂಗಡಿ ಮೇಲೆ, ಹಿಂದಿನ ಮೆಟ್ಟಿಲು ಅಂತ ಬರೆದ್ರೆ,” ಎಂದ ಅವನ ಜೊತೆಗಾರ, ಹಲ್ಲುಜ್ಜುತ್ತಲೇ, “ಹಿರಿಯ ವಕೀಲರು ನಿನ್ನ ಕರೆಸಲ್ಲ. ಕಾರು ಕಳಿಸ್ತಾರೆ, ಗಾಳಿ ತುಂಬಿಸ್ಕೊಂಡು ಬರೋಕೆ.”

ಹುಟ್ಟಿದ ಮನೆ ನಾಲ್ಕು ಗಂಟೆಯ ಬಸ್ಸಿನ ದಾರಿ. ಅಪ್ಪ ಅಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಫೋನಿನಲ್ಲಿ ಕೇಳಿದಾಗ ಅವರ ಧ್ವನಿ ಗಟ್ಟಿಯಾಯಿತು. “ಇದ್ರಲ್ಲಿ ಕೇಳೋದೇನಿದೆ? ನಮ್ಮನೆ ವಿಳಾಸ ಹಾಕು. ನಾಚಿಕೆನಾ?”

“ನಾಚಿಕೆ ಅಲ್ಲಪ್ಪ. ಒಂದು, ಹೊರಗಿನ ಊರು ಅಂದ್ರೆ ಅರ್ಧಕ್ಕೆ ಬಿಟ್ಟು ಹೋಗ್ತಾನೆ ಅಂದ್ಕೋತಾರಂತೆ. ಎರಡು...”

“ಎರಡು ಬೇಡ,” ಎಂದು ಅಪ್ಪ ಫೋನು ಇಟ್ಟರು.

ಆಗ ನೆನಪಾದದ್ದು ಮಾವ. ಉದ್ಯಾನದ ಎದುರು, ಮೂರನೇ ಮಹಡಿ, ಹಿರಿಯ ವಕೀಲರ ಕಚೇರಿಯಿಂದ ಎರಡೇ ಬೀದಿ ಆಚೆ. ಮಾವ ಮುದ್ರಣಾಲಯದ ಮಧ್ಯಾಹ್ನದ ಪಾಳಿಗೆ ಹೊರಡುವ ಅವಸರದಲ್ಲಿದ್ದರೂ ಫೋನೆತ್ತಿ ವಿಷಯ ಕೇಳಿದ ತಕ್ಷಣ ಉದಾರಿಯಾದ.

“ಹಾಕೋ! ದಪ್ಪಕ್ಷರದಲ್ಲಿ ಹಾಕೋ! ನಮ್ಮನೆ ವಿಳಾಸ ನೋಡಿದ್ ಮೇಲೆ ನಿನ್ನ ಅಂಕ ಯಾರು ನೋಡ್ತಾರೆ?”

“ಅತ್ತೆಗೆ ಒಂದು ಮಾತು ಹೇಳ್ಬಿಡಿ ಮಾವ.”

“ನಿಮ್ಮತ್ತೆಗಾ? ನಾನು ಹೇಳಿದ್ ಮೇಲೆ ಮುಗೀತು. ಈ ಮನೇಲಿ ಎರಡನೇ ಮಾತಿಲ್ಲ.”

ನಿಜಕ್ಕೂ ಎರಡನೇ ಮಾತು ಇರಲಿಲ್ಲ. ಮೊದಲನೆಯದನ್ನೇ ಮಾವ ಯಾರಿಗೂ ಹೇಳಲಿಲ್ಲ. ಶೂ ಹಾಕಿಕೊಳ್ಳುವಷ್ಟರಲ್ಲಿ ಮರೆತಿದ್ದ.

ಈಗ ಹಿರಿಯ ವಕೀಲರ ಒಂದು ಪದ್ಧತಿಯನ್ನು ಹೇಳಬೇಕು. ಅವರು ಅಭ್ಯರ್ಥಿಗಳಿಗೆ ಫೋನು ಮಾಡುತ್ತಿರಲಿಲ್ಲ, ಮೇಲ್ ಕಳಿಸುತ್ತಿರಲಿಲ್ಲ. ಸಂದರ್ಶನದ ಕರೆಯನ್ನು ನೋಟೀಸು ಜಾರಿ ಮಾಡಿದ ಹಾಗೆ ಜಾರಿ ಮಾಡಿಸುತ್ತಿದ್ದರು. ಸ್ವಂತ ವಿಳಾಸ ಸರಿಯಾಗಿ ಕೊಡಲಾರದವನು ನಾಳೆ ಕಕ್ಷಿದಾರನ ವಿಳಾಸ ಸರಿಯಾಗಿ ಬರೆಯುತ್ತಾನೆಯೇ ಎಂಬುದು ಅವರ ವಾದ. ಈ ಕೆಲಸಕ್ಕೆ ಒಬ್ಬ ಜಾರಿ ಗುಮಾಸ್ತರಿದ್ದರು. ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಸಮನ್ಸು ಹಂಚಿ ನಿವೃತ್ತರಾದ ಮುದುಕರು. ಕಪ್ಪು ಕೋಟು, ಬಗಲಲ್ಲಿ ಉದ್ದ ಲಕೋಟೆ, ಕೈಯಲ್ಲಿ ಅಂಟಿನ ಡಬ್ಬಿ. ಅವರಿಗೂ ಎರಡು ನಿಯಮಗಳಿದ್ದವು. ವಿಳಾಸದಾರನ ಹೆಸರನ್ನು ಮೆಟ್ಟಿಲ ಮೇಲೆ ನಿಂತು ಕೂಗಬಾರದು, ಮರ್ಯಾದಸ್ಥರ ಪ್ರಶ್ನೆ. ಬಾಗಿಲಿಗೆ ಅಂಟಿಸಬೇಕಾಗಿ ಬಂದರೆ ಹೆಸರಿರುವ ಮಗ್ಗುಲನ್ನು ಬಾಗಿಲ ಕಡೆಗೆ ಮಾಡಿಯೇ ಅಂಟಿಸಬೇಕು, ಅದೂ ಅದೇ ಪ್ರಶ್ನೆ. ಎಲ್ಲ ಮುಗಿದ ಮೇಲೆ, ಅಲ್ಲಿ ಯಾರು ಏನು ಹೇಳಿದರೋ ಅದನ್ನು ಅಕ್ಷರಶಃ ನಕಲಿನ ಹಿಂದೆ ಬರೆದು ತರಬೇಕು. ಅದಕ್ಕೆ ಷರಾ ಎನ್ನುತ್ತಾರೆ.

ಮೂರು ವಾರ ಕಳೆದು ಒಂದು ಬುಧವಾರ ಬೆಳಿಗ್ಗೆ ಗುಮಾಸ್ತರು ಮೂರನೇ ಮಹಡಿಯ ಗಂಟೆ ಒತ್ತಿದರು. ಅತ್ತೆ ದಂತವೈದ್ಯೆ, ಎಂಟಕ್ಕೇ ದವಾಖಾನೆಗೆ ಹೋಗಿದ್ದರು. ಮಾವ ಬಾಗಿಲ ಕಿಂಡಿಗೆ ಕಣ್ಣಿಟ್ಟ. ಕಪ್ಪು ಕೋಟು ಕಂಡಿತು. ಲಕೋಟೆ ಕಂಡಿತು. ಅದರ ಹಿಂದೆ, ಮೆಟ್ಟಿಲ ತಿರುವಿನಲ್ಲಿ, ಎರಡನೇ ಮಹಡಿಯ ಇನ್ಸ್‌ಪೆಕ್ಟರ ಬೋಳುತಲೆ ಕಂಡಿತು.

ಈ ಇನ್ಸ್‌ಪೆಕ್ಟರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಾವನ ಬಾಲ್ಕನಿಯ ಹೂಕುಂಡಗಳ ನೀರು ಅವರ ಒಣಹಾಕಿದ ಹಾಸುಹೊದಿಕೆಗಳ ಮೇಲೆ ತೊಟ್ಟಿಕ್ಕುತ್ತದೆಂದು ಎರಡು ವರ್ಷದಿಂದ ತಕರಾರು. ಬರೀ ತಕರಾರಲ್ಲ, ಕೆಳಗೆ ಅಳತೆಯ ಲೋಟ ಇಟ್ಟು ಹಿಡಿದು, “ಇವತ್ತು ನಲವತ್ತು ಮಿಲಿ!” ಎಂದು ದಿನವೂ ಮೇಲಕ್ಕೆ ಕೂಗುತ್ತಿದ್ದರು. ಕಳೆದ ವಾರ ತೊಂಬತ್ತಾಗಿತ್ತು. ಕೋರ್ಟಿಗೇ ಹೋಗುತ್ತೇನೆಂದು ಅವರು ಅಂದೇ ಸಾರಿದ್ದರು.

“ವಕೀಲರ ಕಚೇರಿಯಿಂದ ನೋಟೀಸು!” ಎಂದರು ಗುಮಾಸ್ತರು ಬಾಗಿಲಿಗೆ. ಇನ್ನೆರಡು ಸಲ ಗಂಟೆ ಒತ್ತಿ, ಲಕೋಟೆಯನ್ನು ಮತ್ತೆ ಬಗಲಿಗೆ ಸೇರಿಸಿದರು. “ನಾಳೆ ಬರ್ತೀನಿ.”

ಮಾವ ಹೆದರಿದ್ದನೆಂದು ಯಾರೂ ತಿಳಿಯಬಾರದು. ಸಿಂಹ ಕೂಡ ನೆಗೆಯುವ ಮೊದಲು ಒಂದು ಹೆಜ್ಜೆ ಹಿಂದಿಡುತ್ತದೆ. ಮಾವ ಹಿಂದಿಟ್ಟ ಹೆಜ್ಜೆ ಬಚ್ಚಲಮನೆಯವರೆಗೆ ಹೋಯಿತು, ಅಷ್ಟೇ. ಅಲ್ಲಿಂದಲೇ ಅವನು ಕಾನೂನು ಸಲಹೆ ಕೇಳಲು ತನಗೆ ಗೊತ್ತಿದ್ದ ಏಕಮಾತ್ರ ಕಾನೂನು ಪಂಡಿತನಿಗೆ ಫೋನು ಮಾಡಿದ.

“ಲೋ, ನನ್ನ ಸ್ನೇಹಿತ ಒಬ್ಬನಿಗೆ ಲಾಯರ್ ನೋಟೀಸು ಬಂದಿದೆ. ಅವನೇನು ಮಾಡ್ಬೇಕು?”

ಉಪಕಲಮ್ಮಿನ ಬಾಳಿನಲ್ಲಿ ಇದೇ ಮೊದಲ ಸಲ ಯಾರೋ ಅವನ ಅಭಿಪ್ರಾಯ ಕೇಳಿದ್ದು. ಅವನು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

“ಬರ್ಕೊಳಿ ಮಾವ. ಒಂದು, ಬಾಗಿಲು ತೆಗೀಬಾರದು. ಎರಡು, ಕೇಳಿದ್ರೆ ಊರು ಬಿಟ್ಟಿದಾರೆ ಅನ್ಬೇಕು. ಮೂರು, ಯಾವಾಗ ಬರ್ತಾರೆ ಅಂದ್ರೆ ಬರೋದೇ ಇಲ್ಲ ಅನ್ಬೇಕು. ನಾಲ್ಕು, ಬಾಗಿಲಿಗೆ ಅಂಟಿಸಿ ಹೋದ್ರೆ ಕಣ್ಣು ಮುಚ್ಕೊಂಡು ಕಿತ್ತು ಇಟ್ಬಿಡ್ಬೇಕು. ಓದ್ಲೇಬಾರದು! ಓದಿದ್ರೆ ಜಾರಿ ಆದ ಹಾಗೆ.”

“ಇದು ಪುಸ್ತಕದಲ್ಲಿದೆಯೇನೋ?”

“ಪುಸ್ತಕಕ್ಕಿಂತ ಮುಂದೆ ಯೋಚಿಸ್ಬೇಕು ಮಾವ.”

“ಭೇಷ್! ನೀನು ಹುಟ್ಟು ವಕೀಲ.”

ಇಡೀ ದಿನ ಅವನು ಟೈರ್ ಅಂಗಡಿಯ ಮೇಲೆ ಅಡ್ಡಾಡುತ್ತ ಆ ಅಜ್ಞಾತ ಸ್ನೇಹಿತನ ಅದೃಷ್ಟವನ್ನು ನೆನೆದು ಹಿಗ್ಗಿದ.

ಗುರುವಾರ ಬೆಳಿಗ್ಗೆ ಗುಮಾಸ್ತರು ಸರಿಯಾಗಿ ಅದೇ ಹೊತ್ತಿಗೆ ಬಂದರು. ಈ ಸಲ ಇನ್ಸ್‌ಪೆಕ್ಟರು ಎಂಟು ಮೆಟ್ಟಿಲು ಮೇಲಕ್ಕೇ ಬಂದು ನಿಂತಿದ್ದರು.

“ವಿಳಾಸದಾರರು ಇದಾರಾ?”

“ಆ ಮನುಷ್ಯ ಇಲ್ಲ!” ಎಂದಿತು ಬಾಗಿಲು.

“ಎಲ್ಲಿಗೆ ಹೋಗಿದಾರೆ?”

“ಊರು ಬಿಟ್ಟಿದಾನೆ!”

“ಯಾವಾಗ ಬರ್ತಾರೆ?”

“ಬರೋದೇ ಇಲ್ಲ! ಹೋದೋನು ಹೋದ!”

“ತಾವು ಯಾರು?”

ಇದಕ್ಕೆ ಉಪಕಲಮ್ಮಿನ ಸಲಹೆಯಲ್ಲಿ ಉತ್ತರವಿರಲಿಲ್ಲ. ಬಾಗಿಲು ಸ್ವಲ್ಪ ಹೊತ್ತು ಯೋಚಿಸಿ, “ನಾನೂ ಇಲ್ಲ!” ಎಂದಿತು.

ಗುಮಾಸ್ತರು ಡಬ್ಬಿ ತೆರೆದರು. ನಾಲ್ಕು ಮೂಲೆಗೂ ಸಮನಾಗಿ ಅಂಟು ಸವರಿ, ಹೆಸರನ್ನು ಒಳಮುಖ ಮಾಡಿ, ಲಕೋಟೆಯನ್ನು ಬಾಗಿಲಿಗೆ ಒತ್ತಿದರು. ಸಾಕ್ಷಿಗೆ ಯಾರಾದರೂ ಸಹಿ ಹಾಕಬೇಕಿತ್ತು. ಇನ್ಸ್‌ಪೆಕ್ಟರು ಪೆನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಸಹಿಯ ಕೆಳಗೆ ಸಮಯ, ತೇವಾಂಶ ಎರಡನ್ನೂ ನಮೂದಿಸಿದರು.

“ಎಷ್ಟು ಚೊಕ್ಕ ಕೆಲಸ,” ಎಂದರು ಅವರು, ಲಕೋಟೆಯ ಅಂಚನ್ನು ಬೆರಳಿನಿಂದ ಸವರಿ. “ಯಾವ ಕಚೇರಿ ಸ್ವಾಮಿ ನಿಮ್ಮದು? ನನ್ನದೂ ಒಂದು ವ್ಯಾಜ್ಯ ಇದೆ.”

ಸಂಜೆಯೊಳಗೆ ಕಟ್ಟಡದ ಇಪ್ಪತ್ತನಾಲ್ಕು ಮನೆಗಳಿಗೂ ಸುದ್ದಿ ಮುಟ್ಟಿತ್ತು. ಅತ್ತೆ ಕೆಲಸ ಮುಗಿಸಿ ಬಂದಾಗ ಕೆಳಗಿನ ಬಾಗಿಲಲ್ಲೇ ನಾಲ್ವರು ಹೆಂಗಸರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ಧೈರ್ಯ ತಂದ್ಕೊಳಿ ಡಾಕ್ಟ್ರೇ.”

“ಯಾಕೆ, ಏನಾಯ್ತು?”

“ನಿಮ್ಮ ಯಜಮಾನ್ರು ಊರು ಬಿಟ್ಟು ಹೋದ್ರಂತಲ್ಲ. ಇನ್ನು ಬರೋದೇ ಇಲ್ವಂತೆ.”

“ಯಾರು ಹೇಳಿದ್ದು?”

“ಅವರೇ. ಒಳಗಿಂದ.”

ಅತ್ತೆ ಡಬ್ಬಿಗಳನ್ನು ತೆಗೆದುಕೊಂಡು ಮೇಲೆ ಹೋದರು. ಊರು ಬಿಟ್ಟವನು ಮಧ್ಯಾಹ್ನದ ಪಾಳಿಗೂ ಹೋಗದೆ ಬಚ್ಚಲಮನೆಯ ಸ್ಟೂಲಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ವಿಷಯವೆಲ್ಲ ಕೇಳಿ ಅತ್ತೆ, “ಆ ಲಕೋಟೆ ಎಲ್ರೀ? ತೆಗೆದು ನೋಡೋಣ,” ಎಂದರು.

“ಬೇಡ! ನನ್ನ ವಕೀಲರ ಕಟ್ಟಪ್ಪಣೆಯಾಗಿದೆ.”

“ಯಾವ ವಕೀಲ್ರು?”

“ದೊಡ್ಡೋರು. ಹೆಸರು ಹೇಳೋ ಹಾಗಿಲ್ಲ.”

ಅತ್ತೆ ದಿನಕ್ಕೆ ಮೂವತ್ತು ಬಾಯಿ ನೋಡುವವರು. ಯಾವುದನ್ನು ತೆರೆಸಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಒಂದು ಡಬ್ಬಿಯನ್ನು ಬಚ್ಚಲಮನೆಗೆ ದಾಟಿಸಿ ಕೈತೊಳೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಉಪಕಲಮ್ಮಿನ ಜೊತೆಗಾರ ಕಾಲೇಜಿನಿಂದ ಸುದ್ದಿ ತಂದ. “ನಿಂದೇನೋ ಕತೆ? ಇವತ್ತು ಹನ್ನೊಂದಕ್ಕೆ ಹಿರಿಯ ವಕೀಲರ ಹತ್ರ ಸಂದರ್ಶನ. ನಮ್ಮ ಕ್ಲಾಸಿನ ಮೂವರಿಗೆ ಕಾಗದ ಬಂದಿದೆ. ಫೋನಿಲ್ಲ ಗೀನಿಲ್ಲ, ಮನೇಗೇ ಬಂದು ಕೊಟ್ರಂತೆ. ಯಾರೋ ಕಪ್ಪು ಕೋಟಿನ ತಾತ, ಉದ್ದ ಲಕೋಟೆ...”

ಉಪಕಲಂ ಮಂಚದ ಮೇಲೆ ಕೂತ. “ಒಂದು,” ಎಂದ. ಎರಡು ಬರಲಿಲ್ಲ.

ಕಬ್ಬಿಣದ ಮೆಟ್ಟಿಲನ್ನು ಅವನು ಇಳಿದ ಸದ್ದಿಗೆ ಟೈರ್ ಅಂಗಡಿಯವರು ಹೊರಗೆ ಬಂದು ಆಕಾಶ ನೋಡಿದರು. ಹದಿನೇಳು ಬೀದಿಗಳನ್ನು ಹನ್ನೊಂದು ನಿಮಿಷದಲ್ಲಿ ಓಡಿ ಅವನು ಮಾವನ ಬಾಗಿಲು ಬಡಿದ.

“ಇಲ್ಲ! ಊರು ಬಿಟ್ಟಿದಾನೆ!”

“ಮಾವ, ನಾನು! ಬಾಗಿಲು ತೆಗೀರಿ!”

“ತೆಗೀಬಾರ್ದು ಅಂತ ನೀನೇ ಹೇಳಿದ್ದಲ್ವೇನೋ!”

“ಆ ನೋಟೀಸು ನಂದು ಮಾವ! ನಂದು! ನನಗೆ ಬಂದಿದ್ದು!”

ಚಿಲಕ ಸರಿಯಿತು. “ಹಾಗಾದ್ರೆ,” ಎಂದ ಮಾವ, ಮುಖದಲ್ಲಿ ಸೂರ್ಯೋದಯವಾಗಿ, “ನನಗೆ ಬಂದಿಲ್ವಾ?”

ಲಕೋಟೆ ಬಾಲ್ಕನಿಯಲ್ಲಿತ್ತು, ಎಲ್ಲಕ್ಕಿಂತ ದೊಡ್ಡ ಹೂಕುಂಡದ ಅಡಿಯಲ್ಲಿ. ಮಾವ ಅದನ್ನು ಕಣ್ಣು ಮುಚ್ಚಿಕೊಂಡು ಕಿತ್ತು, ಕಣ್ಣು ಮುಚ್ಚಿಕೊಂಡೇ ಅಲ್ಲಿ ತೂರಿಸಿ, ಕಣ್ಣು ತೆರೆದು ನೀರು ಹಾಕಿದ್ದ. ಅಕ್ಷರಗಳು ಕಾಗದ ಬಿಟ್ಟು ಹೊರಟುಹೋಗಿದ್ದವು. ಕೆಳಗಿನಿಂದ ಧ್ವನಿ ಬಂತು: “ಇವತ್ತು ಅರವತ್ತು ಮಿಲಿ! ಬಣ್ಣ ನೀಲಿ!”

ಹನ್ನೊಂದೂ ಹತ್ತಕ್ಕೆ ಉಪಕಲಂ ಹಿರಿಯ ವಕೀಲರ ಮೇಜಿನ ಮುಂದೆ ನಿಂತಿದ್ದ. ಕೈಯಲ್ಲಿ ಒದ್ದೆ ಮುದ್ದೆ. ಪಕ್ಕದ ಗೋಡೆಗೆ ಆತುಕೊಂಡು ಜಾರಿ ಗುಮಾಸ್ತರು ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು. ಹಿರಿಯ ವಕೀಲರು ಷರಾ ಓದಿದರು.

“‘ವಿಳಾಸದಾರರು ಊರು ಬಿಟ್ಟಿದ್ದಾರೆ, ಬರುವುದೇ ಇಲ್ಲ, ಹೋದವನು ಹೋದ ಎಂದು ಒಳಗಿದ್ದವರು ತಿಳಿಸಿದರು. ತಾವು ಯಾರೆಂದು ಕೇಳಲಾಗಿ, ತಾನೂ ಇಲ್ಲವೆಂದರು.’ ಹಾಗಾದ್ರೆ ಈಗ ನನ್ನ ಮುಂದೆ ನಿಂತಿರೋರು ಯಾರಪ್ಪ?”

“ನಾನೇ ಸಾರ್. ಒಂದು...”

“ಒಂದೇ ಹೇಳು.”

ಅವನಿಗೆ ಜೀವಮಾನದಲ್ಲಿ ಇಷ್ಟು ಕಷ್ಟ ಯಾರೂ ಕೊಟ್ಟಿರಲಿಲ್ಲ. ಬೆವರು ಒರೆಸಿಕೊಂಡು ಹೇಳಿದ. “ನಾನು ಅಲ್ಲಿರೋದಿಲ್ಲ ಸಾರ್. ಟೈರ್ ಅಂಗಡಿ ಮೇಲೆ ಇರ್ತೀನಿ. ಹಿಂದಿನ ಮೆಟ್ಟಿಲು.”

“ಅಂದ್ರೆ ಷರಾ ಸರಿಯಾಗೇ ಇದೆ. ಮೂವತ್ತೊಂದು ವರ್ಷದಲ್ಲಿ ಇವರು ತಪ್ಪು ಬರೆದಿಲ್ಲ.” ಗುಮಾಸ್ತರು ತಲೆ ಬಾಗಿಸಿದರು. “ಆದ್ರೆ ಆ ಒಳಗಿದ್ದೋನು ಯಾಕೆ ಹಾಗಂದ? ಇಷ್ಟು ಕ್ರಮವಾಗಿ ಸುಳ್ಳು ಹೇಳೋಕೆ ಯಾರೋ ಪಾಠ ಮಾಡಿರ್ಬೇಕು. ಯಾರು?”

ಓಡಿಹೋಗಲು ಬಾಗಿಲು ತೆರೆದೇ ಇತ್ತು. ಉಪಕಲಂ ಬಾಗಿಲು ನೋಡಿದ, ಲಕೋಟೆ ನೋಡಿದ. “ನಾನೇ ಸಾರ್,” ಎಂದ. “ಫೋನಲ್ಲಿ. ನೋಟೀಸು ನಂದು ಅಂತ ಗೊತ್ತಿರ್ಲಿಲ್ಲ.”

ಗುಮಾಸ್ತರ ಕೈಯಿಂದ ಮುಚ್ಚಳ ಬಿತ್ತು. ಹಿರಿಯ ವಕೀಲರು ಕುರ್ಚಿ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿದರು. ಅವರ ಬೆನ್ನು ಬಹಳ ಹೊತ್ತು ಕುಲುಕಿತು. ಮತ್ತೆ ತಿರುಗಿದಾಗ ಮುಖ ನೆಟ್ಟಗಿತ್ತು, ಕಣ್ಣು ಮಾತ್ರ ಒದ್ದೆ.

“ಸಲಹೆ ಕೊಟ್ಟು ತನ್ನ ಕೆಲಸಾನೇ ಕಳ್ಕೊಂಡ ವಕೀಲನ್ನ ನಾನು ನೋಡಿರ್ಲಿಲ್ಲ. ಬೇರೆ ಮೂವರ ವಿಳಾಸ ಸರಿ ಇತ್ತು. ಇಬ್ಬರು ಬೇರೆ ಕಡೆ ಒಪ್ಕೊಂಡಿದಾರೆ. ಮೂರನೆಯವನು ನಾನು ಕೇಳಿದ್ದಕ್ಕೆಲ್ಲ ಹೌದು ಅಂದ, ತಪ್ಪು ಕೇಳಿದ್ದಕ್ಕೂ. ನೀನು ಇರು. ಆದ್ರೆ ನನ್ನ ಕೆಳಗಲ್ಲ.” ಗುಮಾಸ್ತರ ಕಡೆ ತೋರಿಸಿದರು. “ಇವರ ಕೆಳಗೆ. ಡಬ್ಬಿ ಹಿಡ್ಕೊ. ಆರು ತಿಂಗಳು ಜನರ ಬಾಗಿಲು ನೋಡು. ಮೊದಲು ಆ ರೆಸ್ಯೂಮೆಯ ವಿಳಾಸ ಹೊಡೆದು ಹಾಕು.”

ಸೇರಿದ ಪತ್ರ ತಿಂಗಳ ಕೊನೆಗೆ ಮೂರು ದಿನ ಮುಂಚೆಯೇ ಕಾಲೇಜು ತಲುಪಿತು.

ಎರಡು ವಾರದ ನಂತರ ಗುಮಾಸ್ತರು ಅವನ ಕೈಗೆ ಅವನ ಮೊದಲ ಸ್ವತಂತ್ರ ಲಕೋಟೆ ಕೊಟ್ಟರು. ಕಕ್ಷಿದಾರರು: ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ವಿಷಯ: ಹಾಸುಹೊದಿಕೆ. ವಿಳಾಸ: ಉದ್ಯಾನದ ಎದುರು, ಮೂರನೇ ಮಹಡಿ.

ಉಪಕಲಂ ಗಂಟೆ ಒತ್ತಿದ. “ವಿಳಾಸದಾರರು ಇದಾರಾ?”

“ಆ ಮನುಷ್ಯ ಊರು ಬಿಟ್ಟಿದಾನೆ!”

“ಮಾವ, ಆ ಉತ್ತರ ನಂದು. ಬೇರೆ ಏನಾದ್ರೂ ಹೇಳಿ.”

ಆಗ ನಡೆದದ್ದನ್ನು ಕಟ್ಟಡದವರು ಇಂದಿಗೂ ಮೈ ಜುಮ್ಮೆಂದು ನೆನೆಯುತ್ತಾರೆ. ಬಾಗಿಲು ಧಡಾರನೆ ತೆರೆಯಿತು. ಆರಡಿ ಎರಡಂಗುಲದ ಮಾವ ಹೊಸ್ತಿಲು ತುಂಬಿ ನಿಂತ. ನೋಟೀಸನ್ನು ಎರಡೇ ಬೆರಳಿನಿಂದ ತೆಗೆದುಕೊಂಡು ಎಂಟು ಚೂರು ಮಾಡಿ ಗಾಳಿಗೆ ತೂರಿದ. ಒಮ್ಮೆ ಕೆಮ್ಮಿದ. ಎರಡನೇ ಮಹಡಿಯಲ್ಲಿ ಅಳತೆಯ ಲೋಟ ತಾನಾಗಿ ಒಡೆಯಿತು. ಇನ್ಸ್‌ಪೆಕ್ಟರು ಓಡಿಬಂದು...

“ಏನ್ರೀ ಇದು?”

ಹೆಗಲ ಮೇಲಿಂದ ಯಾರೋ ಓದುತ್ತಿದ್ದಾರೆ.

“ಆರಡಿ ಎರಡಂಗುಲ ಯಾರ್ರೀ? ಸ್ಟೂಲ್ ಸೇರಿಸ್ಕೊಂಡು ಬರೆದ್ರಾ?”

“ಕತೆ ಕಣೇ. ಸ್ವಲ್ಪ ಏರಿಳಿತ ಇರ್ಬೇಕು.”

“ಏರಿದ್ದು ಕಾಣ್ತಿದೆ, ಇಳಿದಿದ್ದೂ ಬರೀರಿ. ಇಲ್ಲಾಂದ್ರೆ ನಿಮ್ಮ ಅಳಿಯನಿಗೆ ಫೋನ್ ಮಾಡ್ತೀನಿ, ಷರಾ ಅವನ ಹತ್ರ ಇದೆ.”

ಸರಿ. ಒಪ್ಪಿಕೊಳ್ಳುತ್ತೇನೆ. ಮಾವ ನಾನೇ. ಎತ್ತರ ಐದಡಿ ಮೂರಂಗುಲ, ಅದೂ ಶೂ ಹಾಕಿಕೊಂಡಾಗ. ನಾವಿಕನ ಕಾಗದ ಬರಲಿಲ್ಲ. ಬಾಗಿಲ ಸಂದಿಯಿಂದ ಬಂದದ್ದು ಹಲ್ಲು ಕೊರೆಯುವ ಯಂತ್ರಗಳ ಪಟ್ಟಿ, ನನ್ನ ಹೆಂಡತಿಯ ಹೆಸರಿಗೆ. ಅಂದು ನಾನು ಬಾಗಿಲು ತೆರೆಯಲೇ ಇಲ್ಲ. ಬಟ್ಟೆ ಒಗೆಯುವ ಯಂತ್ರದ ಹಿಂದೆ ಕೂತು ಅಲ್ಲಿಂದಲೇ ಕೂಗುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಬಂದ ಇವಳು ತನ್ನ ಕೀಲಿಯಿಂದ ಬಾಗಿಲು ತೆಗೆದು, ನನ್ನನ್ನು ಎಬ್ಬಿಸಿ, ಅಷ್ಟು ಹೊತ್ತೂ ಹೊರಗೇ ಕಾದಿದ್ದ ಅಳಿಯನ ನೋಟೀಸಿನ ಮುಂದೆ ನಿಲ್ಲಿಸಿದಳು. ನೀರು ನಮ್ಮದೇ. ತೊಂಬತ್ತು ಮಿಲಿ ಆದ ದಿನ ಬೇಕೆಂದೇ ಹಾಕಿದ್ದೆ. ಇನ್ಸ್‌ಪೆಕ್ಟರ ಎರಡು ಹಾಸುಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡಿ ನಾನೇ ಕೆಳಗೆ ಕೊಟ್ಟು ಬಂದೆ. ಅವರು ಉದ್ದಗಲ ಅಳೆದು ನೋಡಿ ತೆಗೆದುಕೊಂಡರು. ಹೂಕುಂಡಗಳು ಈಗ ಊಟದ ಮೇಜಿನ ಮೇಲಿವೆ.

ಇನ್ನೊಂದು ಉಳಿದಿದೆ, ಇವಳು ಇನ್ನೂ ಹೆಗಲ ಹಿಂದೆ ನಿಂತಿದ್ದಾಳೆ.

ನೋಟೀಸು ಪಡೆದದ್ದಕ್ಕೆ ನಾನು ಸಹಿ ಹಾಕಿದೆ. ಸಹಿಯ ಪಕ್ಕದಲ್ಲಿ ವಿಳಾಸ ಬರೆಯಬೇಕಿತ್ತು. ಕೈ ನಿಂತಿತು. ಮನೆ ಇವಳದು. ಬಾಗಿಲ ಫಲಕದಲ್ಲಿರುವ ಹೆಸರು ಇವಳದು. ಅಂಚೆಯವರಿಗೆ ಗೊತ್ತಿರುವುದು ಇವಳೊಬ್ಬಳೇ. ಸಾಲು ಖಾಲಿ ಇಟ್ಟುಕೊಂಡು ನಾನು ಅಳಿಯನ ಮುಖ ನೋಡಿದೆ.

ಒಂದು ಸಾಲು ತುಂಬಲು ನಾಲ್ಕು ದಿನ ತಿಣುಕಿದ್ದ ಹುಡುಗ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಒಂದು ಎರಡು ಏನೂ ಎನ್ನದೆ, ನನ್ನ ಹೆಸರಿನ ಕೆಳಗೆ ದುಂಡಗೆ ಬರೆದ: ‘ಮಾರ್ಫತ್, ಅತ್ತೆ.’